ಕುಂಡಯಿಯ ಕಾರಖಾನೆಗೆ ಐದಂಕಿಯ ವಿಳಾಸ

ವಾಚಕರಲ್ಲಿ ಹಲವರಿಗೆ ೫೬೨೬೩ ಎಂಬ ಸಂಖ್ಯೆ ನೆನಪಿರಬಹುದು. ಕರ್ನಾಟಕದ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶಗಳ ಕಾಲದಲ್ಲಿ ಪತ್ರಿಕೆಗಳು ಈ ಸಂಖ್ಯೆಯನ್ನು ಅಚ್ಚುಮಾಡುತ್ತಿದ್ದವು. 'ಕೆ.ಎ.ಆರ್.' ಎಂಬ ಮೂರಕ್ಷರ, ತರಗತಿಯ ಅಂಕಿ, ಬಳಿಕ ವಿದ್ಯಾರ್ಥಿಯ ನೋಂದಣಿ ಸಂಖ್ಯೆ. ಇಷ್ಟನ್ನು ಬರೆದು ಕಳಿಸಿದರೆ ಅಂಕಗಳು ಮೊಬೈಲಿಗೇ ಬರುತ್ತಿದ್ದವು. ಗೋವಾ ಮಂಡಳಿಯ ಹನ್ನೆರಡನೆಯ ತರಗತಿಯ ಫಲಿತಾಂಶಕ್ಕೂ ಪತ್ರಿಕೆಗಳು ಕೊಡುತ್ತಿದ್ದ ಸಂಖ್ಯೆಗಳಲ್ಲಿ ಇದೂ ಒಂದು. ಮೊದಲಿನ ಅಕ್ಷರಗಳು ಮಾತ್ರ 'ಜಿ.ಒ.ಎ.' ಎಂದು ಬೇರೆಯಾಗುತ್ತಿದ್ದವು. ಅಣ್ಣ ಧಾರವಾಡದಲ್ಲಿ, ತಂಗಿ ಫೋಂಡಾದಲ್ಲಿ ಓದುವ ಮನೆಗಳು ನಮ್ಮಲ್ಲಿ ಬಹಳ. ಅಂಥ ಮನೆಯವರು ಎರಡು ರಾಜ್ಯಗಳ ಫಲಿತಾಂಶವನ್ನು ಒಂದೇ ಬಾಗಿಲು ತಟ್ಟಿ ಕೇಳಬಹುದಾಗಿತ್ತು.

ಇಂಥ ಐದಂಕಿಯ ಬಾಗಿಲು ಸಣ್ಣ ಉದ್ಯಮಿಗೂ ದೊರೆಯುವುದೇ, ದೊರೆತರೆ ಅದರಿಂದ ಅವನಿಗೆ ಪ್ರಯೋಜನವಿದೆಯೇ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಪಣಜಿಯಿಂದ ಫೋಂಡಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಮಂಗೇಶಿ ಮತ್ತು ಮಾರ್ದೋಳಕ್ಕೆ ಮುನ್ನ ಸಿಗುವ ಊರು ಕುಂಡಯಿ. ನವದುರ್ಗೆಯ ದೇವಸ್ಥಾನಕ್ಕಾಗಿ ಅದನ್ನು ಬಲ್ಲವರು ಕೆಲವರಾದರೆ, ಅಲ್ಲಿಯ ಕೈಗಾರಿಕಾ ವಸಾಹತಿಗಾಗಿ ಬಲ್ಲವರು ಹಲವರು. ಇದೇ ಹೆದ್ದಾರಿ ಮುಂದೆ ಫೋಂಡಾ ದಾಟಿ, ಮೊಲೆ ಹಾದು, ಅನಮೋಡ ಘಟ್ಟವನ್ನೇರಿ ಕರ್ನಾಟಕವನ್ನು ಸೇರುತ್ತದೆ. ಆದುದರಿಂದ ಕುಂಡಯಿಯಲ್ಲಿ ಅಂಗಡಿಯನ್ನೋ ಘಟಕವನ್ನೋ ನಡೆಸುವವನಿಗೆ ಘಟ್ಟದ ಮೇಲಿನ ಗಿರಾಕಿ ದೂರದವನಲ್ಲ.

ಉದಾಹರಣೆಗೆಂದು ನೀರಿನ ಪಂಪು ದುರಸ್ತಿ ಮಾಡುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳೋಣ. ನಾಲ್ಕೈದು ಜನ ಕೆಲಸಗಾರರು, ಒಬ್ಬ ಯಜಮಾನ. ಫೋಂಡಾ ಸುತ್ತಿನ ಕುಳಾಗರಗಳ ಪಂಪುಗಳೂ ರಾಮನಗರ, ಖಾನಾಪುರಗಳ ಕಡೆಯ ಪಂಪುಗಳೂ ಅಲ್ಲಿಗೆ ಬರುತ್ತವೆ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ತಪ್ಪುವಂತಿಲ್ಲ. "ನಮ್ಮ ಪಂಪ ಆತೇನ್ರೀ ಸಾವ್ಕಾರ್ರ?" ಎಂದು ದಿನಕ್ಕೆ ಎಷ್ಟೋ ಕರೆಗಳು. ಯಂತ್ರಗಳ ಸದ್ದಿನಲ್ಲಿ ಅರ್ಧ ಕರೆಗಳು ಕೇಳಿಸವು; ಕೇಳಿಸಿದರೂ ಕೈಯೆಲ್ಲ ಎಣ್ಣೆ. ಉತ್ತರ ಸಿಗದ ರೈತ ಆದದ್ದಾಗಲೆಂದು ಬಸ್ಸು ಹತ್ತಿ ಘಟ್ಟ ಇಳಿದು ಬರುತ್ತಾನೆ. ಪಂಪು ಇನ್ನೂ ಬಿಚ್ಚಿಯೇ ಇರುತ್ತದೆ. ಒಂದು ದಿನದ ದುಡಿಮೆ, ಬಸ್ಸಿನ ಹಣ ಎರಡೂ ಹೋದವು, ತೋಟವೂ ಒಣಗಿತು. ಮುಂದಿನ ಸಲ ಅವನು ಬೆಳಗಾವಿಯ ದಾರಿ ಹಿಡಿದರೆ ಅವನನ್ನು ದೂರುವುದು ಹೇಗೆ?

ರೈತನು ತನ್ನ ರಸೀತಿ ಸಂಖ್ಯೆಯನ್ನು ಒಂದು ಕಿರುಸಂಖ್ಯೆಗೆ ಕಳಿಸಿದರೆ 'ಆಗಿದೆ', 'ಆಗಿಲ್ಲ', 'ಶನಿವಾರ ಬನ್ನಿ' ಎಂಬ ಉತ್ತರ ತಾನಾಗಿ ಹೋಗುವಂತೆ ಮಾಡಬಹುದು. ರೈಲಿನ ಪಿ.ಎನ್.ಆರ್. ಸಂಖ್ಯೆಯನ್ನು ೧೩೯ಕ್ಕೆ ಕಳಿಸಿ ಟಿಕೇಟಿನ ಸ್ಥಿತಿ ತಿಳಿದವರಿಗೆ ಇದು ಹೊಸದೇನಲ್ಲ. ಕರ್ನಾಟಕ ಸರ್ಕಾರದ 'ಮೊಬೈಲ್ ಒನ್' ಸೇವೆ ೨೦೧೪ರ ಡಿಸೆಂಬರ್ ೮ರಂದು ಉದ್ಘಾಟನೆಯಾದಾಗ ಅದಕ್ಕೂ ೧೬೧ ಎಂಬ ಮೂರಂಕಿಯ ಸಂಖ್ಯೆಯಿತ್ತು. ಆದರೆ ಒಂದರಿಂದ ಮೊದಲಾಗುವ ಇಂಥ ಸಂಖ್ಯೆಗಳು ವಿಶೇಷ ಸೇವೆಗಳಿಗೆ ಮೀಸಲು. ವ್ಯಾಪಾರಿಯ ಪಾಲಿಗೆ ಬರುವುದು ಐದರಿಂದ ಮೊದಲಾಗುವ ಸಂಖ್ಯೆ.

ಈ 'ಐದು' ಆಮೇಲೆ ಸೇರಿದ್ದು. ಮೊದಲಿಗೆ ನಾಲ್ಕಂಕಿಯ ಸಂಖ್ಯೆಗಳೇ ಪ್ರಚಾರದಲ್ಲಿದ್ದವು. ದೂರದರ್ಶನ ವಾಹಿನಿಯೊಂದರ ೭೮೨೭ ಅನೇಕರಿಗೆ ನೆನಪಿರಬೇಕು. ಹಳೆಯ ಗುಂಡಿ ಮೊಬೈಲಿನಲ್ಲಿ 'ಸ್ಟಾರ್' ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರಗಳು ಕೂರುವುದು ಈ ನಾಲ್ಕು ಗುಂಡಿಗಳ ಮೇಲೆಯೇ. ಕಿರುಸಂದೇಶಗಳಿಗೆಂದು ಐದರ ಸಾಲನ್ನು ಮೀಸಲಿಟ್ಟ ಮೇಲೆ ಅದು ೫೭೮೨೭ ಆಯಿತು, ೮೮೮೮ ಎಂಬುದು ೫೮೮೮೮ ಆಯಿತು. ನೆನಪಿನಲ್ಲಿ ಉಳಿಯುವ ಸಂಖ್ಯೆಗೆ ಅಂದಿನಿಂದಲೂ ಬೆಲೆಯಿದೆ.

ಕುಂಡಯಿಯ ಪಂಪಿನ ಯಜಮಾನನು ತನ್ನದೇ ಆದ ಐದಂಕಿಯನ್ನು ಪಡೆಯಬೇಕೇ? ಬೇಡವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಸ್ವಂತ ಸಂಖ್ಯೆಗೆ ಬಾಡಿಗೆ ಹೆಚ್ಚು, ಅದು ಕೈಗೆ ಬರಲು ಹಿಡಿಯುವ ಕಾಲವೂ ಹೆಚ್ಚು. ದಿನಕ್ಕೆ ಸಾವಿರಾರು ಸಂದೇಶ ಬರುವವರಿಗೆ ಅದು ತಕ್ಕದ್ದು. ಸಣ್ಣವರಿಗೆ ಎರಡು ದಾರಿಗಳಿವೆ. ಒಂದು, ಅನೇಕ ವ್ಯಾಪಾರಿಗಳು ಹಂಚಿಕೊಂಡಿರುವ ಸಂಖ್ಯೆಯೊಂದರಲ್ಲಿ ತನ್ನ 'ಕೀಲಿಪದ'ವನ್ನು ಮಾತ್ರ ಬಾಡಿಗೆಗೆ ಪಡೆಯುವುದು. ಫಲಿತಾಂಶದ ಸಂಖ್ಯೆಯಲ್ಲಿ 'ಕೆ.ಎ.ಆರ್.' ಮತ್ತು 'ಜಿ.ಒ.ಎ.' ಮಾಡುತ್ತಿದ್ದ ಕೆಲಸ ಇದೇ: ಒಂದೇ ವಠಾರದಲ್ಲಿ ಬೇರೆ ಬೇರೆ ಬಾಗಿಲು. ಇನ್ನೊಂದು, ಸಂದೇಶಗಳನ್ನು ಸ್ವೀಕರಿಸಿ ಗಣಕಕ್ಕೆ ದಾಟಿಸುವ ಸಾಧಾರಣ ಹತ್ತಂಕಿಯ ಸಂಖ್ಯೆ. ಇದು ನೋಡಲು ಚೆಂದವಲ್ಲ, ನೆನಪಿನಲ್ಲಿ ಉಳಿಯುವುದೂ ಕಷ್ಟ; ಆದರೆ ರಸೀತಿಯ ಮೇಲೆ ಅಚ್ಚಾಗಿದ್ದರೆ ನೆನಪಿನ ಅಗತ್ಯವೇ ಇಲ್ಲ.

ಕೀಲಿಪದದ ವಿಷಯದಲ್ಲಿ ನಮ್ಮವರಿಗೆ ಒಂದು ತೊಡಕು ವಿಶೇಷವಾಗಿ ಉಂಟು. ಸೇವೆ ಒದಗಿಸುವವರು 'ಪಂಪ್' ಎಂಬುದನ್ನು ಇಂಗ್ಲಿಷ್ ಕಾಗುಣಿತದಲ್ಲಿ ಪಿ, ಯು, ಎಂ, ಪಿ ಎಂದು ದಾಖಲಿಸಿಕೊಳ್ಳುತ್ತಾರೆ. ಘಟ್ಟದ ಮೇಲಿನ ರೈತ ಕಿವಿಗೆ ಕೇಳಿಸಿದಂತೆ ಪಿ, ಎ, ಎಂ, ಪಿ ಎಂದು ಬರೆದಾನು. ಕೊನೆಗೊಂದು 'ಯು' ಸೇರಿಸಿ 'ಪಂಪು' ಮಾಡಿಯಾನು. ಅವನ ಮಗಳು ಅಚ್ಚ ಕನ್ನಡ ಲಿಪಿಯಲ್ಲೇ ಬರೆದಾಳು. ನಾಲ್ಕೂ ಸರಿ, ಆದರೆ ಯಂತ್ರಕ್ಕೆ ತಿಳಿಯುವುದು ಒಂದೇ. 'ತಪ್ಪು ಸಂದೇಶ' ಎಂಬ ಉತ್ತರ ಬಂದ ಗಿರಾಕಿ ಎರಡನೆಯ ಸಲ ಪ್ರಯತ್ನಿಸುವುದಿಲ್ಲ. ಆದುದರಿಂದ ಒಪ್ಪಂದಕ್ಕೆ ಮೊದಲೇ ಈ ಎಲ್ಲ ರೂಪಗಳನ್ನೂ ದಾಖಲಿಸಿಕೊಡಬೇಕೆಂದು ಹಟ ಹಿಡಿಯಬೇಕು.

ಗಡಿಯ ಪ್ರಶ್ನೆ ಇನ್ನೊಂದು. ಗೋವೆಗೆ ೧೯೮೭ರ ಮೇ ೩೦ರಂದು ಪೂರ್ಣ ರಾಜ್ಯದ ಪದವಿ ದೊರೆಯಿತು; ಮೊಬೈಲಿನ ನಕ್ಷೆಯಲ್ಲಿ ಮಾತ್ರ ಅದು ಇಂದಿಗೂ ಮಹಾರಾಷ್ಟ್ರ ವಲಯದೊಳಗೇ ಇದೆ. ಅನಮೋಡ ದಾಟಿದೊಡನೆ ಕರ್ನಾಟಕ ವಲಯ. ಕಿರುಸಂಖ್ಯೆ ಕೆಲಸ ಮಾಡಬೇಕಾದರೆ ಪ್ರತಿಯೊಂದು ಮೊಬೈಲ್ ಕಂಪನಿಯೂ ಅದನ್ನು ತನ್ನ ಜಾಲದಲ್ಲಿ ತೆರೆದಿರಬೇಕು. ಒಂದು ಕಂಪನಿಯಲ್ಲಿ ತೆರೆದು ಇನ್ನೊಂದರಲ್ಲಿ ಮುಚ್ಚಿದ್ದರೆ ಅರ್ಧ ಗಿರಾಕಿಗಳಿಗೆ ಆ ಬಾಗಿಲು ಇದ್ದೂ ಇಲ್ಲ. ಕುಂಡಯಿಯಲ್ಲಿ ಕುಳಿತು ತನ್ನ ಒಂದು ಮೊಬೈಲಿನಿಂದ ಪರೀಕ್ಷಿಸಿ ತೃಪ್ತನಾಗುವ ಯಜಮಾನನಿಗೆ ಇದು ತಿಳಿಯುವುದೇ ಇಲ್ಲ. ರಾಮನಗರದಲ್ಲಿರುವ ಯಾರಾದರೂ ನಂಟರಿಂದ, ಎಲ್ಲ ಕಂಪನಿಗಳ ಸಿಮ್‌ಗಳಿಂದ ಒಂದೊಂದು ಸಂದೇಶ ಕಳಿಸಿ ನೋಡುವುದೇ ಸರಿಯಾದ ಪರೀಕ್ಷೆ.

ಹಣ ಯಾರದು? ಇದನ್ನು ಮೊದಲೇ ಕೇಳಬೇಕಾಗಿತ್ತು. ಐದಂಕಿಗೆ ಕಳಿಸುವ ಸಂದೇಶ ಸಾಮಾನ್ಯವಾಗಿ ಮೊಬೈಲ್ ಪ್ಯಾಕಿನ ಉಚಿತ ಸಂದೇಶಗಳ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ ಪ್ರತ್ಯೇಕ ದರ. ೨೦೦೭ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯ ವೀಕ್ಷಕರಿಗೆಂದು ನಡೆದ ಸ್ಪರ್ಧೆಯಲ್ಲಿ ಒಂದು ಸಂದೇಶಕ್ಕೆ ೨ ರೂಪಾಯಿ ೪೦ ಪೈಸೆ ತಗಲುತ್ತಿತ್ತು. ಬಹುಮಾನದ ಹಣ ಈ ಸಂದೇಶಗಳಿಂದಲೇ ಬಂದಿತೆಂಬ ದೂರು ರಾಷ್ಟ್ರೀಯ ಗ್ರಾಹಕ ಆಯೋಗದವರೆಗೆ ಹೋಯಿತು. ೨೦೦೮ರಲ್ಲಿ ಆಯೋಗವು ವಾಹಿನಿಗೂ ಮೊಬೈಲ್ ಕಂಪನಿಗೂ ಒಂದು ಕೋಟಿ ರೂಪಾಯಿಯ ದಂಡನಾರ್ಹ ಪರಿಹಾರ ವಿಧಿಸಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ಕಾನೂನಿನ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಕೇಳದೆಯೇ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿಗಳು ಅಂಟಿಕೊಂಡು ಮೊಬೈಲಿನ ಹಣ ಕರಗಿದ ಅನುಭವ ಆ ಕಾಲದ ಎಷ್ಟೋ ಮನೆಗಳಿಗೆ ಆಗಿದೆ. ಇಂಥ ಸೇವೆಗೆ ಗ್ರಾಹಕನ ಒಪ್ಪಿಗೆಯನ್ನು ಎರಡನೆಯ ಸಲ ಖಚಿತಪಡಿಸಿಕೊಳ್ಳಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ೨೦೧೩ರಲ್ಲಿ ಕಟ್ಟುನಿಟ್ಟು ಮಾಡಿದ ಮೇಲೆ ಆ ವ್ಯಾಪಾರ ಇಳಿಮುಖವಾಯಿತು. ರೈತನಿಗೆ ತಗಲುವ ದರವನ್ನು ರಸೀತಿಯ ಮೇಲೆ, ಸಂಖ್ಯೆಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಲು ಮನಸ್ಸಿಲ್ಲದ ಯಜಮಾನನು ಈ ಸೇವೆಯನ್ನು ಆರಂಭಿಸದಿರುವುದೇ ಲೇಸು.

ಒಳಬರುವ ಸಂದೇಶದ ಕಥೆ ಇಷ್ಟಾದರೆ ಹೊರಹೋಗುವ ಉತ್ತರದ್ದು ಬೇರೆ. ೨೦೧೮ರ ನಿಯಮಗಳಂತೆ ವ್ಯಾಪಾರಿಯು ಡಿ.ಎಲ್.ಟಿ. ಎಂಬ ಗಣಕ ಖಾತೆಯಲ್ಲಿ ಮೊದಲು ತನ್ನ ಸಂಸ್ಥೆಯನ್ನು ನೋಂದಾಯಿಸಬೇಕು; ಆಮೇಲೆ ಸಂದೇಶದ ತಲೆಯಲ್ಲಿ ಕಾಣುವ ಆರಕ್ಷರದ ಹೆಸರನ್ನು; ಕೊನೆಗೆ ಕಳಿಸಲಿರುವ ಪ್ರತಿಯೊಂದು ಸಂದೇಶದ ಅಚ್ಚನ್ನು, ಅಂದರೆ ಟೆಂಪ್ಲೇಟನ್ನು. ಅಚ್ಚಿಗೂ ಸಂದೇಶಕ್ಕೂ ಹೊಂದಿಕೆಯಾಗದಿದ್ದರೆ ಸಂದೇಶ ಹೋಗುವುದಿಲ್ಲ. ೨೦೨೧ರ ಮಾರ್ಚ್ ೮ರಂದು ಈ ತಾಳೆ ನೋಡುವ ಕ್ರಮ ಜಾರಿಯಾದೊಡನೆ ಬ್ಯಾಂಕುಗಳ ಓ.ಟಿ.ಪಿ.ಗಳೇ ದೇಶದಾದ್ಯಂತ ನಿಂತುಹೋಗಿ, ಪ್ರಾಧಿಕಾರ ಅದನ್ನು ಒಂದು ವಾರದ ಮಟ್ಟಿಗೆ ತಡೆಹಿಡಿಯಬೇಕಾಯಿತು. ದೊಡ್ಡ ಬ್ಯಾಂಕುಗಳೇ ಎಡವಿದ ಜಾಗದಲ್ಲಿ ಪಂಪಿನ ಯಜಮಾನನು ಎಚ್ಚರದಿಂದ ಕಾಲಿಡುವುದು ಅವಶ್ಯ. ೨೦೨೫ರ ಮೇ ತಿಂಗಳಿಂದ ಸಂದೇಶದ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಸೇರಿದೆ: 'ಪಿ' ಇದ್ದರೆ ಜಾಹೀರಾತು, 'ಎಸ್' ಇದ್ದರೆ ಸೇವೆ, 'ಟಿ' ಇದ್ದರೆ ವ್ಯವಹಾರ, 'ಜಿ' ಇದ್ದರೆ ಸರ್ಕಾರ. ಮನೆಯ ಹಿರಿಯರಿಗೆ ಈ ನಾಲ್ಕಕ್ಷರ ತಿಳಿಸಿಕೊಡಬೇಕೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.

ಇನ್ನು ಭಾಷೆ. ಕಿರುಸಂದೇಶ ಮೊದಲು ಹೋದದ್ದು ೧೯೯೨ರ ಡಿಸೆಂಬರ್ ೩ರಂದು, ಇಂಗ್ಲೆಂಡಿನಲ್ಲಿ. ಅದರ ಅಳತೆಯನ್ನು ಗೊತ್ತುಮಾಡಿದವರ ಕಣ್ಣ ಮುಂದೆ ಇದ್ದದ್ದು ರೋಮನ್ ಲಿಪಿ. ಅದರಲ್ಲಿ ಒಂದು ಸಂದೇಶಕ್ಕೆ ೧೬೦ ಅಕ್ಷರ. ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ೭೦ ಸ್ಥಾನ ಮಾತ್ರ, ಮತ್ತು ಸ್ಥಾನವೆಂದರೆ ನಾವು ಎಣಿಸುವ ಅಕ್ಷರವಲ್ಲ. ಕಾಗುಣಿತದ ಪ್ರತಿ ಚಿಹ್ನೆಗೂ ಒತ್ತಕ್ಷರವನ್ನು ಜೋಡಿಸುವ ಹಲಂತಕ್ಕೂ ಒಂದೊಂದು ಸ್ಥಾನ ಖರ್ಚಾಗುತ್ತದೆ. 'ಸ್ತ್ರೀ' ನಮಗೆ ಒಂದಕ್ಷರ, ಯಂತ್ರಕ್ಕೆ ಆರು. 'ಕುಂಡಯಿ'ಗೂ ಆರೇ. ಎಪ್ಪತ್ತನ್ನು ಮೀರಿದರೆ ಎರಡು ಸಂದೇಶಗಳ ಹಣ.

ಕನ್ನಡ ದುಬಾರಿ ಎಂದು ಇಂಗ್ಲಿಷಿಗೆ ಜಾರುವ ವ್ಯಾಪಾರಿಗಳು ಈ ಲೆಕ್ಕವನ್ನೇ ತೋರಿಸುತ್ತಾರೆ. ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. "ನಿಮ್ಮ ಪಂಪು ದುರಸ್ತಿಯಾಗಿದೆ. ಶನಿವಾರ ಒಯ್ಯಬಹುದು." ಇದಕ್ಕೆ ೪೩ ಸ್ಥಾನ ಸಾಕು, ಅಂಗಡಿಯ ಹೆಸರಿಗೂ ದೂರವಾಣಿ ಸಂಖ್ಯೆಗೂ ಇನ್ನೂ ೨೭ ಉಳಿದವು. 'ಮಾನ್ಯ ಗ್ರಾಹಕರೇ, ತಮ್ಮ ಪಂಪಿನ ದುರಸ್ತಿ ಕಾರ್ಯವು ಯಶಸ್ವಿಯಾಗಿ ಪೂರ್ಣಗೊಂಡಿರುತ್ತದೆಂದು ತಿಳಿಸಲು ಹರ್ಷಿಸುತ್ತೇವೆ' ಎಂದು ಬರೆದರೆ ದುಡ್ಡು ಹೋಗುವುದು ಕನ್ನಡದಿಂದಲ್ಲ, ಕಚೇರಿಯ ಶೈಲಿಯಿಂದ. ಮೊಬೈಲುಗಳು ದೇಶದ ೨೨ ಭಾಷೆಗಳಲ್ಲಿಯೂ ಸಂದೇಶವನ್ನು ಓದಿಸಬೇಕೆಂದು ಭಾರತೀಯ ಮಾನಕ ೧೬೩೩೩ರ ೨೦೧೬ರ ಭಾಗವೇ ಹೇಳುತ್ತದೆ. ಕೊಂಕಣಿ, ಮರಾಠಿ ಗಿರಾಕಿಗಳಿಗೆ ಅವರವರ ಅಚ್ಚು, ಘಟ್ಟದ ಮೇಲಿನವರಿಗೆ ಕನ್ನಡದ ಅಚ್ಚು ಎಂದು ರಸೀತಿ ಬರೆಯುವಾಗಲೇ ಗುರುತು ಮಾಡಿಕೊಂಡರೆ ಆಯಿತು.

ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ನಮ್ಮ ದೇಶದ್ದೇ ಆದ ಇನ್ನೊಂದು ಉಪಾಯವಿದೆ: ಮಿಸ್ಡ್ ಕಾಲ್. ಗಿರಾಕಿ ಒಂದು ಸಂಖ್ಯೆಗೆ ಕರೆ ಮಾಡಿ ಬಿಟ್ಟುಬಿಡುತ್ತಾನೆ. ಅವನಿಗೆ ಪೈಸೆಯ ಖರ್ಚಿಲ್ಲ. ಉತ್ತರ ಸಂದೇಶವಾಗಿ ಬರುತ್ತದೆ. ಇದನ್ನೇ ಉದ್ಯಮವಾಗಿ ಬೆಳೆಸಿದ ಜಿಪ್‌ಡಯಲ್ ಎಂಬ ಸಂಸ್ಥೆ ೨೦೧೦ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ೨೦೧೫ರಲ್ಲಿ ಅಮೆರಿಕದ ಟ್ವಿಟರ್ ಅದನ್ನು ಕೊಂಡುಕೊಂಡಿತು. ಓದುಬರಹ ಅಷ್ಟಾಗಿ ಬಾರದ ಗಿರಾಕಿಗೆ ಕೀಲಿಪದಕ್ಕಿಂತ ಇದು ಎಷ್ಟೋ ಮೇಲು. ವಾಟ್ಸ್ಆ್ಯಪ್ ಇರುವಾಗ ಇದೆಲ್ಲ ಏಕೆ ಎಂದು ಕಿರಿಯರು ಕೇಳುತ್ತಾರೆ. ಘಟ್ಟದ ಕಾಡಿನಲ್ಲಿ ಇಂಟರ್‌ನೆಟ್ ಸಿಗದ ಕಡೆಯೂ, ಹಳೆಯ ಗುಂಡಿ ಮೊಬೈಲಿಗೂ ಕಿರುಸಂದೇಶ ತಲುಪುತ್ತದೆ ಎಂಬುದೇ ಅದಕ್ಕೆ ಉತ್ತರ.

ಯಾವ ದಾರಿ ಹಿಡಿದರೂ ಪಂಪು ಸಿದ್ಧವಾದ ಸಂಜೆಯೇ ಯಾರಾದರೂ ಒಬ್ಬರು ಅದನ್ನು ಗಣಕದಲ್ಲಿ ಬರೆಯಬೇಕು. ಯಂತ್ರ ತಾನಾಗಿ ಏನನ್ನೂ ಅರಿಯದು, ಬರೆದಿಟ್ಟದ್ದನ್ನು ಹೇಳುತ್ತದೆ. ಮೂರು ದಿನ ಬರೆಯದೆ ಬಿಟ್ಟರೆ, ಸಿದ್ಧವಿರುವ ಪಂಪಿಗೂ 'ಆಗಿಲ್ಲ' ಎಂಬ ಉತ್ತರವೇ ಹೋಗುತ್ತಿರುತ್ತದೆ. ಈ ಕೆಲಸ ಯಾರದೆಂದು ಸಂಖ್ಯೆ ಕೊಳ್ಳುವ ಮೊದಲೇ ಗೊತ್ತುಮಾಡಬೇಕು. ಬಹುಶಃ ಲೆಕ್ಕ ಬರೆಯುವ ಮನೆಯಾಕೆಯದೇ ಆದೀತು. ಹಾಗಾದರೆ ಆಕೆಯ ಸಂಜೆಗೂ ಒಂದು ಬೆಲೆ ಕಟ್ಟುವುದು ನ್ಯಾಯ.

ಮತ್ತೊಂದು. ದುರಸ್ತಿಯ ಉತ್ತರ ಕೇಳಿದ ಗಿರಾಕಿಗೆ ಗಣೇಶ ಚತುರ್ಥಿಯ ರಿಯಾಯಿತಿಯನ್ನೂ ದೀಪಾವಳಿಯ ಶುಭಾಶಯವನ್ನೂ ಕಳಿಸುವ ಆಸೆ ಯಜಮಾನನಿಗೆ ಬಂದೇ ಬರುತ್ತದೆ. ಅದಕ್ಕೆ ಬೇರೆ ಒಪ್ಪಿಗೆ ಬೇಕು. ಬೇಡವೆನ್ನುವವರಿಗೆ ೧೯೦೯ ಎಂಬ ಸಂಖ್ಯೆಯೂ ಉಂಟು. ನಿಲ್ಲಿಸಲು ಇಂಗ್ಲಿಷಿನ 'ಸ್ಟಾಪ್' ಎಂದು ಬರೆದು ಕಳಿಸಿ ಎನ್ನುವುದು ವಾಡಿಕೆ. ಕುಂಡಯಿಯ ಯಜಮಾನನು 'ಸಾಕು', 'ಬ್ಯಾಡ' ಎಂಬ ಎರಡು ಮಾತುಗಳನ್ನೂ ಕನ್ನಡ ಲಿಪಿಯಲ್ಲಿಯೇ ಯಂತ್ರಕ್ಕೆ ಕಲಿಸಿಡಲಿ.