ನಾವು ಹೆಸರು ಹೇಳದಿದ್ದರೂ ಸಿಮ್ ಹೇಳುತ್ತೆ

ಫ್ರೀಡಂ ಪಾರ್ಕಿನ ಪ್ರತಿಭಟನೆಗೆ ಹೋಗುವಾಗೆಲ್ಲ ನಾನು ಫೋನಿನ ಲೊಕೇಶನ್ ಆಫ್ ಮಾಡ್ತಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಸಾಲದು.

ಪ್ರತಿ ಸಿಮ್ಮಿಗೂ ಐಎಂಎಸ್‌ಐ ಎಂಬ ಗುರುತಿನ ಸಂಖ್ಯೆ ಇರುತ್ತೆ. ಸಾಮಾನ್ಯವಾಗಿ 15 ಅಂಕಿ. ಭಾರತದ ಸಿಮ್ಮುಗಳದ್ದು 404 ಅಥವಾ 405ರಿಂದ ಶುರು. 2ಜಿಯಿಂದ 4ಜಿವರೆಗೆ, ನೆಟ್‌ವರ್ಕ್ ಕೇಳಿದರೆ ಫೋನು ಇದನ್ನು ಬಿಚ್ಚಿಟ್ಟೇ ಕೊಡುತ್ತೆ. 2ಜಿಯಲ್ಲಂತೂ ಟವರ್ ಅಸಲಿಯೋ ನಕಲಿಯೋ ಎಂದು ಫೋನು ಪರೀಕ್ಷಿಸುವುದೇ ಇಲ್ಲ. ಟವರ್‌ನಂತೆ ನಟಿಸುವ 'ಐಎಂಎಸ್‌ಐ ಕ್ಯಾಚರ್' ಯಂತ್ರ ಹೀಗೇ ಸುತ್ತಲಿನವರ ಹಾಜರಿ ತೆಗೆದುಕೊಳ್ಳುತ್ತೆ.

5ಜಿಯಲ್ಲಿ ಫೋನು ಈ ಗುರುತನ್ನು ಕಂಪನಿಯ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ ಕಳಿಸಬಲ್ಲದು. ಆದರೆ 4ಜಿ ಕೋರ್ ಮೇಲೆ ನಡೆಯುವ 5ಜಿಯಲ್ಲಿ ಈ ರಕ್ಷಣೆ ಇಲ್ಲ. ಗೂಢಲಿಪಿಯೇ ಇಲ್ಲದ ಆಯ್ಕೆಯನ್ನೂ ಮಾನದಂಡ ಒಪ್ಪುತ್ತೆ. ಸಿಗ್ನಲ್ ಕೆಡಿಸಿ ಫೋನನ್ನು 4ಜಿಗೆ ಇಳಿಸಿದರೂ ಮುಗೀತು.

ವೈಫೈ ಕತೆಯೂ ಇದೇ. ಫೋನುಗಳು ಈಗ ತಮ್ಮ ಮ್ಯಾಕ್ ವಿಳಾಸವನ್ನು ಬದಲಿಸುತ್ತವೆ. ಆದರೆ ಸಿಮ್ ಮೂಲಕವೇ ಲಾಗಿನ್ ಆಗುವ ವೈಫೈಗಳಲ್ಲಿ ಮೊದಲ ಸಲ ಅದೇ ಐಎಂಎಸ್‌ಐ ಬಯಲಾಗಬಹುದು. ಒಂದು ಬಾಗಿಲಿಗೆ ಬೀಗ, ಪಕ್ಕದ್ದು ತೆರೆದೇ ಇದೆ.

ಕೆಲವು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ 2ಜಿ ಆಫ್ ಮಾಡಬಹುದು, ಮಾಡಿ. ಆದರೆ ಇದು ಬರೀ ಸೆಟ್ಟಿಂಗ್ಸ್ ವಿಷಯವಲ್ಲ. 2023ರ ದತ್ತಾಂಶ ರಕ್ಷಣೆ ಕಾಯ್ದೆಯು ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೇ ಕೊಟ್ಟಿದೆ. ಸಿಮ್ ಗುರುತನ್ನು ಗೂಢಲಿಪಿಯಲ್ಲೇ ಕಳಿಸಬೇಕು ಅನ್ನೋದು ಕಂಪನಿಯ ಮರ್ಜಿಯಾಗಬಾರದು, ನಿಯಮವಾಗಬೇಕು. ಅದನ್ನು ಕೇಳಬೇಕಾದವರು ನಾವೇ.