ಸವೆದ ಮೊಣಕಾಲು, ಸವೆಯದ ಸರ್ವ್

ರೋಹನ್ ಬೋಪಣ್ಣ ಅವರ ಮೊಣಕಾಲುಗಳಲ್ಲಿ ಮೃದ್ವಸ್ಥಿ ಸವೆದುಹೋಗಿ ಎಷ್ಟೋ ವರ್ಷಗಳಾಗಿದ್ದವು. ನೋವು ತಡೆಯಲು ಚುಚ್ಚುಮದ್ದು, ಮಾತ್ರೆಗಳ ಮೊರೆ ಹೋಗಬೇಕಿತ್ತು. ಅಂಥ ಕಾಲುಗಳ ಮೇಲೆ ನಿಂತು, ತಮ್ಮ 43ನೇ ವಯಸ್ಸಿನಲ್ಲಿ, 2024ರ ಜನವರಿಯಲ್ಲಿ ಅವರು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. ಅದೇ ಟೂರ್ನಿಯ ಗೆಲುವುಗಳಿಂದಾಗಿ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ವಿಶ್ವದ ನಂಬರ್ ಒನ್ ಪಟ್ಟಕ್ಕೂ ಏರಿದರು. ಅಷ್ಟು ವಯಸ್ಸಾದ ಮೇಲೆ ಮೊದಲ ಬಾರಿಗೆ ಆ ಸ್ಥಾನ ಹಿಡಿದವರು ಅವರ ಮುಂಚೆ ಯಾರೂ ಇರಲಿಲ್ಲ. ಇದನ್ನು ಛಲದ ಕಥೆಯೆಂದು ಕೊಂಡಾಡಿದವರು ಬಹಳ. ಛಲ ಇದ್ದದ್ದು ನಿಜ. ಆದರೆ ತನ್ನ ದೇಹಕ್ಕೆ ಒಗ್ಗುವ ಆಟವನ್ನು ತಾನೇ ಕಟ್ಟಿಕೊಂಡ ಜಾಣ್ಮೆ ಅದಕ್ಕಿಂತ ದೊಡ್ಡದು.

1980ರ ಮಾರ್ಚ್ 4ರಂದು ಹುಟ್ಟಿದ ಬೋಪಣ್ಣ ಬೆಳೆದದ್ದು ಕೊಡಗಿನಲ್ಲಿ, ಕಾಫಿ ಬೆಳೆಗಾರರ ಮನೆಯಲ್ಲಿ. ಹಾಕಿಯೇ ಉಸಿರಾಗಿರುವ ಆ ನಾಡಿನಲ್ಲಿ ತಂದೆ ಮಗನ ಕೈಗೆ ಟೆನಿಸ್ ರ‍್ಯಾಕೆಟ್ ಕೊಟ್ಟರು. ಸಿಂಗಲ್ಸ್‌ನಲ್ಲಿ ಅವರು ಏರಿದ್ದು 213ನೇ ಕ್ರಮಾಂಕದವರೆಗೆ ಮಾತ್ರ. ಆದರೂ 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಭಾರತ 0–2ರಿಂದ ಹಿಂದಿದ್ದ ಡೇವಿಸ್ ಕಪ್ ಹಣಾಹಣಿಯಲ್ಲಿ, ನಿರ್ಣಾಯಕ ಐದನೇ ಪಂದ್ಯಕ್ಕಿಳಿದು ರಿಕಾರ್ಡೊ ಮೆಲ್ಲೊ ಅವರನ್ನು ಮಣಿಸಿದ್ದು ಇದೇ ಬೋಪಣ್ಣ.

ಅವರ ಆಟದ ತಿರುಳು ಸರ್ವ್. ಆರಡಿ ದಾಟಿದ ಎತ್ತರದಿಂದ, ಭುಜದ ಪೂರ್ತಿ ಬಲ ಹೊತ್ತು ಚೆಂಡು ಕೆಳಗಿಳಿಯುತ್ತಿತ್ತು. ಅದನ್ನು ಹೇಗೋ ತಡೆದು ಹಿಂದಿರುಗಿಸಿದರೆ ಸಾಲದು. ನೆಟ್ ಬಳಿ ಕಾದು ನಿಂತ ಜೊತೆಗಾರನ ವಾಲಿಗೆ ಸಿಗದಂತೆಯೂ ಕಳಿಸಬೇಕು. ಡಬಲ್ಸ್‌ನಲ್ಲಿ ಬಹುತೇಕ ಪಾಯಿಂಟ್‌ಗಳು ಮೊದಲ ನಾಲ್ಕೈದು ಹೊಡೆತಗಳಲ್ಲೇ ಮುಗಿಯುತ್ತವೆ. ಅಂಕಣದ ಅರ್ಧ ಭಾಗ ಜೊತೆಗಾರನದಾದ್ದರಿಂದ ಓಟವೂ ಕಡಿಮೆ. ಮೊಣಕಾಲಿಗೆ ಹೊರೆ ಕಡಿಮೆ ಮಾಡುವ, ಭುಜಕ್ಕೆ ಪೂರ್ಣ ಸ್ವಾತಂತ್ರ್ಯ ಕೊಡುವ ಈ ಪ್ರಕಾರ ಅವರಿಗೆ ಹೇಳಿಮಾಡಿಸಿದಂತಿತ್ತು. ಸರ್ವ್ ಎದುರಿಸುವಾಗಲೂ ಅಷ್ಟೇ. ಚೆಂಡನ್ನು ಸುಮ್ಮನೆ ಆಟದಲ್ಲಿ ಉಳಿಸುವುದಕ್ಕಿಂತ ಬೀಸಿ ಹೊಡೆದು ಎದುರಾಳಿಯನ್ನು ಅವಸರಕ್ಕೆ ತಳ್ಳುವುದು ಅವರ ರೀತಿ. ಎರಡು ಕೈಯ ಬ್ಯಾಕ್‌ಹ್ಯಾಂಡ್ ಎಲ್ಲೆಡೆ ರೂಢಿಯಾಗಿರುವ ಕಾಲದಲ್ಲಿ ಅವರು ಕೊನೆಯವರೆಗೂ ಒಂಟಿ ಕೈಯ ಬ್ಯಾಕ್‌ಹ್ಯಾಂಡನ್ನೇ ನೆಚ್ಚಿದರು.

ಇನ್ನೊಂದು ಬಲ, ಜೊತೆಗಾರರೊಂದಿಗೆ ಹೊಂದಿಕೊಳ್ಳುವ ಗುಣ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರೊಂದಿಗೆ 2010ರ ಅಮೆರಿಕ ಓಪನ್ ಫೈನಲ್ ತಲುಪಿದಾಗ, ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಪಂದ್ಯ ನೋಡಲು ಒಟ್ಟಿಗೆ ಬಂದಿದ್ದರು. ಬ್ರಯಾನ್ ಸಹೋದರರ ಎದುರು ಎರಡು ಟೈಬ್ರೇಕರ್‌ಗಳಲ್ಲಿ ಸೋತರೂ ಆ ಜೋಡಿ ಸ್ನೇಹದ ಸಂದೇಶವನ್ನು ಜಗತ್ತಿಗೆ ಮುಟ್ಟಿಸಿತು. ಮೊದಲ ಗ್ರ್ಯಾಂಡ್‌ಸ್ಲಾಮ್ ದಕ್ಕಿದ್ದು 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ. ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಮೊದಲ ಸೆಟ್ ಸೋತ ಅವರು, ನಿರ್ಣಾಯಕ ಟೈಬ್ರೇಕರ್‌ನಲ್ಲಿ 12–10ರಿಂದ ಗೆದ್ದರು. ಪೇಸ್, ಭೂಪತಿ, ಸಾನಿಯಾ ಬಳಿಕ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಎತ್ತಿಹಿಡಿದ ನಾಲ್ಕನೇ ಭಾರತೀಯ ಅವರಾದರು.

2021ರ ಆರಂಭದ ತಿಂಗಳುಗಳಲ್ಲಿ ಸೋಲಿನ ಮೇಲೆ ಸೋಲು. ಆಟ ಬಿಟ್ಟುಬಿಡುವ ಯೋಚನೆಯೂ ಬಂದಿತ್ತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅವರನ್ನು ಕೋರ್ಟ್‌ನಲ್ಲಿ ಉಳಿಸಿದ್ದರಲ್ಲಿ ಕೊರೊನಾ ಕಾಲದಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದ ಅಯ್ಯಂಗಾರ್ ಯೋಗದ ಪಾಲು ದೊಡ್ಡದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಈ ಪದ್ಧತಿಯಲ್ಲಿ, ಹಗ್ಗ, ಕುರ್ಚಿ, ದಿಂಬುಗಳ ಆಸರೆಯಲ್ಲಿ ಆಸನದ ಭಂಗಿಯನ್ನು ತಿದ್ದಿಕೊಳ್ಳುತ್ತ ಸ್ನಾಯುಗಳನ್ನು ಬಲಪಡಿಸಬಹುದು. ಕಾಲಿಗೆ ಬಲ ಕೂಡಿತು, ನೋವು ತಗ್ಗಿತು.

2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಯಾದರು. ಎಬ್ಡೆನ್ ಅವರ ಚುರುಕು ಕಾಲು, ನೆಟ್ ಬಳಿಯ ಚಾಕಚಕ್ಯ ಬೋಪಣ್ಣ ಅವರ ಬಲಕ್ಕೆ ಸರಿಯಾಗಿ ಕೂಡಿಬಂತು. ಆ ವರ್ಷ ಇಂಡಿಯನ್ ವೆಲ್ಸ್ ಗೆದ್ದರು, ಅಮೆರಿಕ ಓಪನ್‌ನಲ್ಲಿ ಫೈನಲ್ ತಲುಪಿದರು. ರಾಜೀವ್ ರಾಮ್–ಜೋ ಸ್ಯಾಲಿಸ್‌ಬರಿ ಎದುರಿನ ಆ ಫೈನಲ್‌ನ ಮೂರನೇ ಸೆಟ್‌ನಲ್ಲಿ, ಚೆಂಡು ತಮ್ಮ ತೋಳಿಗೆ ತಾಕಿತೆಂದು ಬೋಪಣ್ಣ ತಾವಾಗಿಯೇ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಅಂಪೈರ್ ಅದನ್ನು ಗಮನಿಸಿರಲಿಲ್ಲ. ಪಂದ್ಯ ಸೋತರು. ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಇನ್ನೂ ಕೈಗೆ ಸಿಕ್ಕದಿದ್ದವರು, ಅದು ಎದುರಿಗೇ ಇದ್ದಾಗ ತೋರಿದ ಈ ಪ್ರಾಮಾಣಿಕತೆಯನ್ನು ಅವರ ಸಾಧನೆಗಳ ಪಟ್ಟಿಯಲ್ಲೇ ಸೇರಿಸಬೇಕು. ನಾಲ್ಕೇ ತಿಂಗಳಲ್ಲಿ ಮೆಲ್ಬರ್ನ್‌ನಲ್ಲಿ ಇಟಲಿಯ ಬೊಲೆಲ್ಲಿ–ವವಸ್ಸೋರಿ ಜೋಡಿಯನ್ನು 7–6, 7–5ರಿಂದ ಸೋಲಿಸಿ ಆ ಕೊರತೆ ನೀಗಿಸಿಕೊಂಡರು. ಮೊದಲ ಸೆಟ್‌ನ ಟೈಬ್ರೇಕರ್‌ನಲ್ಲಿ ಎದುರಾಳಿಗಳಿಗೆ ಒಂದು ಪಾಯಿಂಟ್ ಕೂಡ ಸಿಗಲಿಲ್ಲ.

2025ರ ನವೆಂಬರ್‌ನಲ್ಲಿ ಅವರು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ನಮ್ಮಲ್ಲಿ ಹದಿನಾರಕ್ಕೆ ಗೆಲ್ಲದ ಮಕ್ಕಳನ್ನು ಆಗಲೇ ಹಿಂದೆ ಬಿದ್ದವರೆಂದು ಬದಿಗೆ ಸರಿಸುವುದುಂಟು. ಸಿಂಗಲ್ಸ್ ಒಂದೇ ನಿಜವಾದ ಟೆನಿಸ್ ಎಂಬ ಧೋರಣೆಯೂ ಇದೆ. ಬೋಪಣ್ಣ ಅವರ ವೃತ್ತಿಜೀವನ ಎರಡನ್ನೂ ಸುಳ್ಳಾಗಿಸಿದೆ. ಬೆಂಗಳೂರಿನ ತಮ್ಮ ಅಕಾಡೆಮಿಯಲ್ಲಿ ಅವರೀಗ ಮಕ್ಕಳನ್ನು ತಯಾರು ಮಾಡುತ್ತಿದ್ದಾರೆ. ಆ ಮಕ್ಕಳಿಗೆ ಅವಸರವಿಲ್ಲದೆ ಕಲಿಯುವ ಅವಕಾಶ ಕೊಡುವುದು ತಂದೆತಾಯಿಯರ, ತರಬೇತುದಾರರ, ಕ್ರೀಡಾ ಸಂಸ್ಥೆಗಳ ಹೊಣೆ.