ಲಿಸ್ಟೀರಿಯಾ ರೋಗವೂ ವೃದ್ಧರ ಚಿಕಿತ್ಸೆಯೂ

ಆಹಾರದೊಡನೆ ದೇಹವನ್ನು ಹೊಗುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ವಾಂತಿಭೇದಿಗಳನ್ನುಂಟುಮಾಡಿ ಶಮನ ಹೊಂದುವುವು. 1926ರಲ್ಲಿ ಕೇಂಬ್ರಿಜ್ಜಿನ ಮೊಲಗಳಲ್ಲಿ ಕಂಡು ವರ್ಣಿಸಲ್ಪಟ್ಟು, ಅನಂತರ ಶಸ್ತ್ರವೈದ್ಯ ಲಿಸ್ಟರನ ಹೆಸರನ್ನು ಪಡೆದ ಲಿಸ್ಟೀರಿಯಾ ಎಂಬುದು ಹಾಗಲ್ಲ. ಅದು ಕರುಳಿನ ಭಿತ್ತಿಯನ್ನು ದಾಟಿ ರಕ್ತವನ್ನು ಸೇರಿ, ರೋಗನಿರೋಧಶಕ್ತಿ ಕುಂದಿದ ವೃದ್ಧರಲ್ಲಿ ಮಿದುಳನ್ನೂ ಅದರ ಪೊರೆಯನ್ನೂ ಹಿಡಿಯುವುದುಂಟು. ಪರ್ಯುಷಿತಾನ್ನವು ವರ್ಜ್ಯವೆಂದು ಪೂರ್ವಿಕರು ವಿಧಿಸಿದ್ದರು. ರೆಫ್ರಿಜರೇಟರು ಬಂದಮೇಲೆ ಆ ವಿಧಿ ಅನಾವಶ್ಯಕವೆಂದು ಎಣಿಸುವವರುಂಟು. ಈ ಜೀವಿಯಾದರೋ ಆ ಚಳಿಯಲ್ಲಿಯೂ ಮೆಲ್ಲಮೆಲ್ಲನೆ ಬೆಳೆಯುವುದು. 2011ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕರಬೂಜದ ಹಣ್ಣಿನಿಂದ 147 ಮಂದಿಗೆ ಈ ರೋಗ ತಗುಲಿ 33 ಮಂದಿ ಮೃತರಾದರು. ರೋಗಿಗಳಲ್ಲಿ ಹೆಚ್ಚಿನವರು 60 ವರ್ಷ ಮೀರಿದವರು.

ತಿಂದ ಎಷ್ಟೋ ವಾರಗಳ ಮೇಲೆ ರೋಗ ತಲೆದೋರಬಹುದಾದುದರಿಂದ ತಿಂದುದೇನೆಂಬುದು ರೋಗಿಗೆ ನೆನಪಿರದು. ವೃದ್ಧರಲ್ಲಿ ಕುತ್ತಿಗೆಯ ಬಿಗಿತವೂ ಕೆಲವೊಮ್ಮೆ ಕಾಣದು. ಜ್ವರ, ಮಂಕು, ಅಸಂಬದ್ಧ ಮಾತು ಇಷ್ಟೇ. ಮನೆಯವರು ಇದನ್ನು ಅರಳುಮರಳೆಂದು ಭಾವಿಸಿ ಕಾಲವನ್ನು ಕಳೆಯುವರು.

ಚಿಕಿತ್ಸೆಯಲ್ಲಿ ಮುಖ್ಯವಾದ ತೊಡಕು ಒಂದುಂಟು. ಮಿದುಳುಪೊರೆಯ ಉರಿಯೂತಕ್ಕೆ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವ ಸೆಫ್‌ಟ್ರಯಾಕ್ಸೋನ್ ಎಂಬ ಔಷಧವೂ ಅದರ ವರ್ಗದ ಇತರ ಔಷಧಗಳೂ ಲಿಸ್ಟೀರಿಯಾದ ಮೇಲೆ ನಡೆಯವು. ಆದಕಾರಣ 50 ವರ್ಷ ಮೀರಿದ ರೋಗಿಗೆ, ಪರೀಕ್ಷೆಯ ಫಲವನ್ನು ಕಾಯದೆ, ಮೊದಲಿನಿಂದಲೇ ಆಂಪಿಸಿಲಿನ್ನನ್ನು ಕೂಡಿಸತಕ್ಕದ್ದು. ಇದರ ಪ್ರಮಾಣ 4 ಗಂಟೆಗೊಮ್ಮೆ 2 ಗ್ರಾಂ, ರಕ್ತನಾಳದ ಮೂಲಕ. ಮೂತ್ರಪಿಂಡ ದುರ್ಬಲವಾಗಿದ್ದರೆ ಕಡಮೆ. ಜೆಂಟಾಮೈಸಿನ್ನನ್ನೂ ಕೆಲವರು ಸೇರಿಸುವರು. ಅದು ಮೂತ್ರಪಿಂಡಕ್ಕೂ ಕಿವಿಗೂ ಕೆಡುಕಾಗಬಲ್ಲುದಾದುದರಿಂದ ಮುದುಕರಲ್ಲಿ ವಿವೇಚನೆ ಬೇಕು. ಪೆನಿಸಿಲಿನ್ ಒಗ್ಗದವರಿಗೆ ಕೋಟ್ರೈಮಾಕ್ಸಜೋಲ್ ಇದೆ. ಜ್ವರವಿಳಿದೊಡನೆ ನಿಲ್ಲಿಸದೆ, ಮಿದುಳುಪೊರೆ ಕೆಟ್ಟಲ್ಲಿ 21 ದಿನಗಳಿಗೆ ಕಡಮೆಯಿಲ್ಲದೆ, ಮಿದುಳಿನಲ್ಲಿಯೇ ಕೀವುಗಟ್ಟಿದಲ್ಲಿ ಇನ್ನೂ ದೀರ್ಘಕಾಲ ಔಷಧವನ್ನು ನಡೆಸಬೇಕು.